ವಿದ್ಯುತ್ ಅಪಾಯದ ಲೇಬಲ್: ಪ್ಯಾನೆಲ್ ಬಾಗಿಲು ತೆರೆಯುವ ಮುನ್ನ ಓದಬೇಕಾದದ್ದು

ಕಪ್ಪು ಮಿಂಚಿನ ಗುರುತಿರುವ ಹಳದಿ ತ್ರಿಕೋನವು ಐಎಸ್‌ಒ 7010 ಮಾನದಂಡದಲ್ಲಿ ಡಬ್ಲ್ಯು012 ಎಂಬ ಸಂಖ್ಯೆಯ ಎಚ್ಚರಿಕೆ ಚಿಹ್ನೆ. ಇಲ್ಲಿ ವಿದ್ಯುತ್ ಅಪಾಯವಿದೆ ಎಂಬುದನ್ನು ಅಕ್ಷರ ಬಾರದವರಿಗೂ ಅದು ತಿಳಿಸುತ್ತದೆ. ಆದರೆ ಆ ಪ್ಯಾನೆಲ್ಲಿನಲ್ಲಿ ಕೆಲಸ ಮಾಡಬೇಕಾದವರಿಗೆ ಅಷ್ಟು ಸಾಲದು.

ಅವರಿಗೆ ಬೇಕಾದ ವಿವರ ಯಾವುದೆಂಬುದು ಆರ್ಕ್ ಫ್ಲ್ಯಾಶ್ (ವಿದ್ಯುತ್ ಗಾಳಿಯ ಮೂಲಕ ಹಾರಿದಾಗ ಹೊಮ್ಮುವ ತೀವ್ರ ಶಾಖ, ಬೆಳಕು) ಲೇಬಲ್ಲನ್ನು ಓದಿದಾಗ ಸ್ಪಷ್ಟವಾಗುತ್ತದೆ. ಅಮೆರಿಕದ ಎನ್‌ಎಫ್‌ಪಿಎ 70ಇ ಮಾನದಂಡದ ಪ್ರಕಾರ ಇದರಲ್ಲಿ ವೋಲ್ಟೇಜ್ ಮತ್ತು ಆರ್ಕ್ ಫ್ಲ್ಯಾಶ್ ಗಡಿ ಇರಬೇಕು; ಜೊತೆಗೆ, ಕೆಲಸದ ದೂರದಲ್ಲಿ ದೇಹಕ್ಕೆ ತಗಲಬಹುದಾದ ಶಾಖಶಕ್ತಿಯನ್ನೋ ತೊಡಬೇಕಾದ ರಕ್ಷಣಾ ಉಡುಪಿನ ಮಟ್ಟವನ್ನೋ ನಮೂದಿಸಬೇಕು. ಗಡಿ ಎಂದರೆ ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಶಾಖ ತಲುಪುವ ದೂರ. ಬರಿಯ ಚರ್ಮದಲ್ಲಿ ಎರಡನೇ ದರ್ಜೆಯ ಸುಟ್ಟಗಾಯ ಶುರುವಾಗುವ ಮಟ್ಟವೇ ಅದು. ಆದ್ದರಿಂದ ಗಡಿಯ ಹೊರಗೆ ಅಪಾಯವೇ ಇಲ್ಲವೆಂದು ಓದಿಕೊಳ್ಳಬಾರದು. ವೋಲ್ಟೇಜ್ ಕಡಿಮೆಯಿದ್ದರೆ ಶಾಖವೂ ಕಡಿಮೆ ಎಂಬ ಊಹೆಯೂ ತಪ್ಪು, ಏಕೆಂದರೆ ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯುವ ಪ್ರವಾಹ ಎಷ್ಟು, ಬ್ರೇಕರ್ ಟ್ರಿಪ್ ಆಗಲು ಹಿಡಿಯುವ ಸಮಯ ಎಷ್ಟು ಎಂಬುದರ ಮೇಲೂ ಆ ಶಾಖ ನಿಂತಿದೆ.

ಹೀಗಾಗಿಯೇ ಲೇಬಲ್ ಹಳತಾಗುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಿದರೆ, ಅಥವಾ ಬ್ರೇಕರಿನ ಸೆಟ್ಟಿಂಗ್ ಬದಲಿಸಿದರೆ, ಅಕ್ಷರ ಎಷ್ಟೇ ಸ್ಪಷ್ಟವಾಗಿದ್ದರೂ ಅಂಕಿ ಸುಳ್ಳಾಗಬಹುದು. ಲೇಬಲ್ಲೇ ಇಲ್ಲದ ಪ್ಯಾನೆಲ್ಲಿಗಿಂತ ಇದು ಹೆಚ್ಚು ಅಪಾಯಕಾರಿ ಎಂದು ನನಗೆ ತೋರುತ್ತದೆ, ಏಕೆಂದರೆ ಓದಿದವರು ಅದನ್ನು ನಂಬಿಯೇ ಉಡುಪು ಆರಿಸುತ್ತಾರೆ. ಬದಲಾವಣೆ ಆಗದಿದ್ದರೂ ಐದು ವರ್ಷ ಮೀರದಂತೆ ಲೆಕ್ಕವನ್ನು ಮರುಪರಿಶೀಲಿಸಬೇಕೆಂದು ಅದೇ ಮಾನದಂಡ ಹೇಳುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಉಳಿಯುವ ಅಪಾಯವನ್ನು ಲೇಬಲ್ ಬಿಡಿಸಿ ಹೇಳಬೇಕು. ಯುಪಿಎಸ್, ಜನರೇಟರ್ ಅಥವಾ ಸೌರಫಲಕಗಳಿಂದ ಎರಡನೆಯ ಪೂರೈಕೆ ಬರುತ್ತಿದ್ದರೆ ಅದನ್ನು ಎಲ್ಲಿ ಕಡಿತಗೊಳಿಸಬೇಕು, ಕೆಪಾಸಿಟರಿನ ಚಾರ್ಜ್ ಇಳಿಯಲು ಎಷ್ಟು ನಿಮಿಷ ಕಾಯಬೇಕು ಎಂಬ ಎರಡು ಸಾಲು, ದಪ್ಪಕ್ಷರದ ‘ಅಪಾಯ’ಕ್ಕಿಂತ ಹೆಚ್ಚು ಉಪಯುಕ್ತ. ಕಾಯ್ದ ಮೇಲೂ ವೋಲ್ಟೇಜ್ ಇಲ್ಲವೆಂದು ಟೆಸ್ಟರಿನಿಂದ ಪರೀಕ್ಷಿಸಲೇಬೇಕು.

ದುರಸ್ತಿಯ ವೇಳೆ ತೂಗುಹಾಕುವ ಟ್ಯಾಗ್ ಬೇರೆ ಬಗೆಯದು. ಸ್ವಿಚ್ ಹಾಕಬಾರದೆಂಬ ಸೂಚನೆ, ಕೆಲಸದಲ್ಲಿರುವವರ ಹೆಸರು ಮತ್ತು ದಿನಾಂಕ ಅದರಲ್ಲಿರುತ್ತವೆ. ಟ್ಯಾಗ್ ಯಾರ ಕೈಯನ್ನೂ ತಡೆಯಲಾರದು. ಬೀಗ ಹಾಕಲು ಅವಕಾಶವಿರುವಲ್ಲಿ ಬೀಗದೊಂದಿಗೇ ಅದನ್ನು ಬಳಸಬೇಕು, ಮತ್ತು ಹಾಕಿದವರೇ ತೆಗೆಯಬೇಕು.

ಲೇಬಲ್ ಅಂಟಿಸುವ ಜಾಗ ಬಾಗಿಲಿನ ಹೊರಮೈ; ಒಳಗೆ ಅಂಟಿಸಿದರೆ ಓದುವ ಹೊತ್ತಿಗೆ ಬಾಗಿಲು ತೆರೆದಾಗಿರುತ್ತದೆ. ಬಿಸಿಲು, ಎಣ್ಣೆ, ತೇವಗಳಿಗೆ ಮಾಸದ ವಸ್ತುವನ್ನೇ ಆರಿಸಬೇಕು.