ಸೊಂಟಕ್ಕೆ ಹಗುರ, ಮಣಿಕಟ್ಟಿಗೆ ಭಾರ

ಸ್ಮಿತ್ ಅಂಡ್ ವೆಸನ್ ಕಂಪನಿಯ 329ಪಿಡಿ ರಿವಾಲ್ವರ್ ಕೊಂಡವರಿಗೆ ಡಬ್ಬಿಯಲ್ಲಿ ಎರಡು ಹಿಡಿಗಳು ಸಿಗುತ್ತಿದ್ದವು. ಒಂದು ಮರದ್ದು, ತೆಳ್ಳಗೆ, ನೋಡಲು ಚೆಂದ. ಇನ್ನೊಂದು ರಬ್ಬರಿನದು, ದಪ್ಪ, ಕುರೂಪ. ಮರದ ಹಿಡಿ ಹಾಕಿದರೆ ಗನ್ನು ಅಂಗಿಯಡಿ ಸುಲಭವಾಗಿ ಅಡಗುತ್ತದೆ. ರಬ್ಬರಿನದು ಹಾಕಿದರೆ ಹಾರಿಸಿದವನ ಅಂಗೈ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಹಿಡಿ ಯಾರಿಗೂ ಹೊಳೆದಿಲ್ಲ, ಯಾಕೆಂದರೆ ಅಡ್ಡ ನಿಂತಿರುವವನು ನ್ಯೂಟನ್.

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಗನ್ನು ಒಯ್ಯುವುದು ದೊಡ್ಡ ಮಾರುಕಟ್ಟೆ. ಮನೆಯಾಚೆಯೂ ಅದನ್ನು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಪರವಾನಗಿಯೂ ಬೇಕಿಲ್ಲ. ಬಹುಪಾಲು ಜನ 9 ಮಿಲಿಮೀಟರ್ ಪಿಸ್ತೂಲು ಕೊಳ್ಳುತ್ತಾರೆ. ಆದರೆ ಗಿಡ್ಡ ನಳಿಕೆಯ, ಐದೇ ಗುಂಡಿನ, ಬಾಯಿ ಮಾತ್ರ ಅಗಲವಾದ ರಿವಾಲ್ವರನ್ನು ನೆಚ್ಚಿಕೊಂಡ ಪಂಗಡವೊಂದು ಹಿಂದಿನಿಂದಲೂ ಇದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1872ರಲ್ಲಿ ಕೋಟಿನ ಜೇಬಿಗೆಂದೇ 'ಬ್ರಿಟಿಷ್ ಬುಲ್‌ಡಾಗ್' ಮಾಡಿತು. ನೂರು ವರ್ಷ ಕಳೆದು 1973ರಲ್ಲಿ ಅಮೆರಿಕದ ಚಾರ್ಟರ್ ಆರ್ಮ್ಸ್ ಅದೇ ಹೆಸರಿಟ್ಟು .44 ಸ್ಪೆಷಲ್ ತೋಟಾದ ರಿವಾಲ್ವರ್ ತಂದಿತು (.44 ಎಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ಅಂದಾಜು ಅಗಲ). ತೂಕ ಸುಮಾರು 600 ಗ್ರಾಂ. ಗುಂಡಿನ ವ್ಯಾಸ ಸುಮಾರು 11 ಮಿಲಿಮೀಟರ್.

ಐದೇ ಗುಂಡು ಯಾಕೆ? ಅಷ್ಟು ದಪ್ಪದ ತೋಟಾ ಆರು ಕೂರಿಸಿದರೆ ಅವನ್ನು ಹೊತ್ತು ತಿರುಗುವ ಸಿಲಿಂಡರ್ ಊದಿಕೊಳ್ಳುತ್ತದೆ, ಸೊಂಟದಲ್ಲಿ ಎದ್ದು ಕಾಣುತ್ತದೆ. ಐದಕ್ಕೆ ಇನ್ನೊಂದು ಲಾಭವೂ ಇದೆ. ಸಿಲಿಂಡರನ್ನು ಪ್ರತಿ ಗುಂಡಿಗೂ ಸರಿಯಾದ ಜಾಗದಲ್ಲಿ ನಿಲ್ಲಿಸಲು ಹೊರಮೈಯಲ್ಲಿ ಸಣ್ಣ ಕಚ್ಚುಗಳಿರುತ್ತವೆ. ತೋಟಾ ಕೂರುವ ಕೋಣೆಗಳು ಆರಿದ್ದರೆ ಈ ಕಚ್ಚು ಕೋಣೆಯ ಬೆನ್ನಿನ ಮೇಲೇ, ಅಂದರೆ ಗೋಡೆ ಅತಿ ತೆಳುವಾದಲ್ಲಿ ಬರುತ್ತದೆ. ಐದಿದ್ದರೆ ಎರಡು ಕೋಣೆಗಳ ನಡುವಿನ ದಪ್ಪ ಲೋಹಕ್ಕೆ ಬೀಳುತ್ತದೆ. ಬೆಸಸಂಖ್ಯೆಯ ಈ ಉಪಕಾರ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಈಗ ಒದೆತದ ಲೆಕ್ಕ. ಗುಂಡು ಮತ್ತು ಅದರ ಹಿಂದಿನ ಅನಿಲ ಮುಂದಕ್ಕೆ ಎಷ್ಟು ಸಂವೇಗ (ತೂಕ ಗುಣಿಸು ವೇಗ) ಒಯ್ಯುತ್ತವೆಯೋ ಅಷ್ಟೇ ಸಂವೇಗ ಗನ್ನಿಗೆ ಹಿಂದಕ್ಕೆ ಸಿಗುತ್ತದೆ. ಇದರಲ್ಲಿ ಚೌಕಾಸಿ ಇಲ್ಲ. ಬುಲ್‌ಡಾಗ್‌ನ 16 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 210 ಮೀಟರ್ ವೇಗದಲ್ಲಿ ಹೊರಟರೆ, 600 ಗ್ರಾಂ ಗನ್ನು ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಅಂಗೈಗೆ ಬಂದು ಬಡಿಯುತ್ತದೆ. ಶಕ್ತಿಯ ಲೆಕ್ಕದಲ್ಲಿ ಸುಮಾರು 12 ಜೂಲ್. ತಡೆಯಬಹುದು, ಆದರೆ ಹಿತವಲ್ಲ.

ಗನ್ನಿನ ತೂಕ ಇಳಿಸಿದರೆ ಸಂವೇಗ ಹಾಗೇ ಉಳಿಯುತ್ತದೆ, ಕೈಗೆ ಬೀಳುವ ಶಕ್ತಿ ಮಾತ್ರ ಏರುತ್ತದೆ. 329ಪಿಡಿಗೆಂದೇ ಇರುವ, ಸ್ಪೆಷಲ್‌ಗಿಂತ ಬಲಶಾಲಿಯಾದ .44 ಮ್ಯಾಗ್ನಂ ತೋಟಾ ಒಂದನ್ನೇ 1.2 ಕಿಲೋ ಉಕ್ಕಿನ ರಿವಾಲ್ವರಿನಲ್ಲಿ ಹಾರಿಸಿದರೆ ಒದೆತ 22 ಜೂಲ್ ಆಸುಪಾಸು. 329ಪಿಡಿಯ ತೂಕ ಸುಮಾರು 710 ಗ್ರಾಂ, ಅದರಲ್ಲಿ 36ರ ಹತ್ತಿರ. ಗುರಿಗೆ ತಲುಪುವ ಗುಂಡು ಅದೇ, ವೇಗವೂ ಹೆಚ್ಚುಕಡಿಮೆ ಅದೇ. ಹೆಚ್ಚುವರಿ ಹೊಡೆತವೆಲ್ಲ ಹಾರಿಸಿದವನ ಪಾಲಿಗೆ.

ಇಷ್ಟು ಹಗುರ ಮಾಡಲು ಸಾಧ್ಯವಾದದ್ದು ಸ್ಕ್ಯಾಂಡಿಯಂನಿಂದ. 1871ರಲ್ಲಿ ಮೆಂಡಲೀವ್ ತನ್ನ ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಗಳಲ್ಲಿ ಒಂದನ್ನು ಎಂಟು ವರ್ಷಗಳ ಬಳಿಕ ತುಂಬಿದ ಧಾತು ಇದು. ಅಲ್ಯೂಮಿನಿಯಂಗೆ ಶೇಕಡಾ ಒಂದಕ್ಕಿಂತ ಕಡಿಮೆ ಸ್ಕ್ಯಾಂಡಿಯಂ ಬೆರೆಸಿದರೂ ಲೋಹದೊಳಗೆ ಅತಿಸೂಕ್ಷ್ಮ ಕಣಗಳು ಹುಟ್ಟಿ, ಪರಮಾಣುಗಳ ಸಾಲು ಜಾರದಂತೆ ತಡೆಯುತ್ತವೆ. ಚೌಕಟ್ಟಿಗೆ ಈ ಮಿಶ್ರಲೋಹ, ಸಿಲಿಂಡರಿಗೆ ಟೈಟಾನಿಯಂ. ಹಾಗಿದ್ದೂ ಸಿಲಿಂಡರಿಗೂ ನಳಿಕೆಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮುವ ಬಿಸಿ ಅನಿಲ ಅಲ್ಯೂಮಿನಿಯಂ ಚೌಕಟ್ಟನ್ನು ಕೊರೆದುಬಿಡಬಲ್ಲದು. ಅದಕ್ಕೇ ಸಂದಿನ ಮೇಲುಗಡೆ ಒಂದು ಪುಟ್ಟ ಉಕ್ಕಿನ ತಗಡು ಕೂರಿಸಿರುತ್ತಾರೆ.

ಹಗುರ ಗನ್ನಿನ ನಿಜವಾದ ಕಿತಾಪತಿ ನೋಡಬೇಕಾದರೆ ಹಾರಿಸದೆ ಉಳಿದ ತೋಟಾಗಳನ್ನು ನೋಡಬೇಕು. ಮೊದಲ ಗುಂಡು ಹಾರಿದಾಗ ಗನ್ನು ಧಿಗ್ಗನೆ ಹಿಂದಕ್ಕೆ ಬರುತ್ತದೆ. ಸಿಲಿಂಡರಿನಲ್ಲಿರುವ ಉಳಿದ ತೋಟಾಗಳ ಹಿತ್ತಾಳೆ ಕವಚವೂ ಅಂಚು ಸಿಕ್ಕಿಕೊಂಡಿರುವುದರಿಂದ ಜೊತೆಯಲ್ಲೇ ಹಿಂದಕ್ಕೆ ಬರುತ್ತದೆ. ಆದರೆ ಕವಚದ ಬಾಯಲ್ಲಿ ಕಚ್ಚಿ ಕೂತ ಸೀಸದ ಗುಂಡು ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಒಂದೊಂದು ಒದೆತಕ್ಕೂ ಅದು ಕವಚದಿಂದ ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಮೂರ್ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಐದನೆಯದರ ಮೂತಿ ಸಿಲಿಂಡರಿನಿಂದ ಹೊರಚಾಚಿ ಚೌಕಟ್ಟಿಗೆ ತಗುಲಿತೆಂದರೆ ಮುಗಿಯಿತು: ಸಿಲಿಂಡರ್ ತಿರುಗುವುದಿಲ್ಲ, ಟ್ರಿಗರ್ ಎಳೆಯಲಾಗುವುದಿಲ್ಲ, ಪಕ್ಕಕ್ಕೆ ತೆರೆಯಲೂ ಬಾರದು. ರಿವಾಲ್ವರ್ ಎಂದೂ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದು ಎದೆ ತಟ್ಟಿ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. 

ಇನ್ನು ಹಾರಿಸುವವನ ತಲೆಯೊಳಗಿನ ತೊಂದರೆ. ಗಿಡ್ಡ ನಳಿಕೆಯಲ್ಲಿ ಗುಂಡು ಇರುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ಗನ್ನು ಹಿಂದಕ್ಕೆ ಸರಿದಿರುವುದು ಒಂದೆರಡು ಮಿಲಿಮೀಟರ್. ಒದೆತ ಮನಸ್ಸಿಗೆ ತಿಳಿಯುವ ಹೊತ್ತಿಗೆ ಗುಂಡು ಗುರಿ ದಾಟಿ ಹೋಗಿರುತ್ತದೆ. ಹಾಗಾದರೆ ಒದೆತದಿಂದ ಗುರಿ ಏಕೆ ತಪ್ಪಬೇಕು? ಕೈ ಹಿಂದಿನ ಪೆಟ್ಟನ್ನು ನೆನಪಿಟ್ಟುಕೊಂಡು, ಮುಂದಿನ ಪೆಟ್ಟು ಬೀಳುವ ಮೊದಲೇ ಬೆಚ್ಚುವುದರಿಂದ. ತರಬೇತುದಾರರು ಇದನ್ನು ಹಿಡಿಯುವ ಉಪಾಯ ಸರಳ: ಶಿಷ್ಯನಿಗೆ ತಿಳಿಯದಂತೆ ಒಂದು ಕೋಣೆಯಲ್ಲಿ ಸುಟ್ಟ ತೋಟಾ ಇಟ್ಟು ಕೊಡುತ್ತಾರೆ. ಗನ್ನು 'ಕ್ಲಿಕ್' ಎನ್ನುತ್ತದೆ, ಗುಂಡು ಹಾರುವುದಿಲ್ಲ, ಒದೆತವಿಲ್ಲ. ಆದರೂ ನಳಿಕೆಯ ಮೂತಿ ಗಕ್ಕನೆ ಕೆಳಕ್ಕೆ ಬಗ್ಗುತ್ತದೆ. ಎದುರಿಗಿರುವವರೆಲ್ಲ ನೋಡಿರುತ್ತಾರೆ, ನಿರಾಕರಿಸುವಂತಿಲ್ಲ. ಹೆಚ್ಚು ನೋವು ಕೊಡುವ ಗನ್ನಿನಲ್ಲಿ ಜನ ಕಡಿಮೆ ಅಭ್ಯಾಸ ಮಾಡುತ್ತಾರೆ, ಅಭ್ಯಾಸ ಮಾಡಿದಷ್ಟೂ ಬೆಚ್ಚುವುದನ್ನೇ ಕಲಿಯುತ್ತಾರೆ.

ಇಷ್ಟೆಲ್ಲ ಸಹಿಸುವುದು ಗುಂಡಿನ 'ಬೀಳಿಸುವ ಶಕ್ತಿ'ಗಾಗಿ ಎನ್ನುತ್ತಾರೆ. ಸಿನಿಮಾದಲ್ಲಿ ಗುಂಡು ತಗುಲಿದ ಖಳ ಗಾಜು ಒಡೆದುಕೊಂಡು ಹಿಂದಕ್ಕೆ ಹಾರುತ್ತಾನೆ. ಹಾಗೆ ಆಗುವಂತಿದ್ದರೆ ಹಾರಿಸಿದವನೂ ಹಾರಬೇಕಿತ್ತು, ಸಂವೇಗ ಎರಡು ಕಡೆಗೂ ಒಂದೇ ತಾನೆ. ಬುಲ್‌ಡಾಗ್‌ನ ಗುಂಡು 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಪೂರ್ತಿ ನಿಂತರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ ಐದು ಸೆಂಟಿಮೀಟರ್. ಬಿಎಂಟಿಸಿ ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ಪಕ್ಕದವರ ಭುಜ ತಗುಲುವುದು ಇದಕ್ಕಿಂತ ಜೋರು.

ಕೈಗನ್ನಿನ ಗುಂಡು ತಾನು ಹಾದುಹೋದ ದಾರಿಯಲ್ಲಿರುವುದನ್ನು ಹರಿಯುತ್ತದೆ, ಬಹುಮಟ್ಟಿಗೆ ಅಷ್ಟೇ. ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೇಲೆ 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಹಾರಿಸಿದ್ದು ಇದೇ ದೊಡ್ಡ ಬಾಯಿಯ ಬುಲ್‌ಡಾಗ್ ಜಾತಿಯ ರಿವಾಲ್ವರಿನಿಂದ, ಅದೂ ಬೆನ್ನ ಹಿಂದೆ ತೀರ ಹತ್ತಿರದಿಂದ. ಒಂದು ಗುಂಡು ತೋಳು ಸವರಿತು. ಇನ್ನೊಂದು ಬೆನ್ನೆಲುಬನ್ನು ತೂರಿ, ಬೆನ್ನುಹುರಿಯನ್ನು ತಪ್ಪಿಸಿ, ಮೇದೋಜೀರಕದ ಬಳಿ ನಿಂತಿತು. ಗಾರ್‌ಫೀಲ್ಡ್ 79 ದಿನ ಬದುಕಿದ್ದರು. ಅವರ ಸಾವಿನಲ್ಲಿ ತೊಳೆಯದ ಬೆರಳುಗಳಿಂದ ಗಾಯ ಕೆದಕಿದ ವೈದ್ಯರ ಪಾಲು ದೊಡ್ಡದು.

1986ರ ಏಪ್ರಿಲ್‌ನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಮೇಲೆ ಎಫ್‌ಬಿಐ ಈ ವಿಷಯವನ್ನು ಕೂಲಂಕಷವಾಗಿ ನೋಡಿತು. ಅಲ್ಲಿ ಒಂದು 9 ಎಂಎಂ ಗುಂಡು ಎದುರಾಳಿಯ ಹೃದಯ ತಲುಪುವ ಮುನ್ನವೇ ನಿಂತುಹೋಗಿತ್ತು. 1989ರ ವರದಿ ಬೀಳಿಸುವ ಶಕ್ತಿಯ ಮಾತನ್ನೇ ತಳ್ಳಿಹಾಕಿ, ಗುಂಡು ಸಾಕಷ್ಟು ಆಳಕ್ಕೆ, ಕನಿಷ್ಠ 30 ಸೆಂಟಿಮೀಟರ್, ಇಳಿಯಬೇಕು ಎಂದಿತು. ಹೃದಯ ನಾಶವಾದರೂ ಮಿದುಳಿನಲ್ಲಿರುವ ಆಮ್ಲಜನಕ 10ರಿಂದ 15 ಸೆಕೆಂಡ್ ಓಡಾಟಕ್ಕೆ ಸಾಲುತ್ತದೆ ಎಂದೂ ಬರೆಯಿತು. ಬಳಿಕ ಅದೇ ಎಫ್‌ಬಿಐ 10 ಎಂಎಂಗೆ ಹೋಯಿತು, ಒದೆತ ಜಾಸ್ತಿಯೆಂದು .40ಕ್ಕೆ ಇಳಿಯಿತು, ಕಳೆದ ದಶಕದಲ್ಲಿ ಸುಧಾರಿತ ಗುಂಡಿನೊಂದಿಗೆ 9 ಎಂಎಂಗೆ ವಾಪಸಾಯಿತು.

ದೊಡ್ಡ ಬಾಯಿಯವರ ಪರ ಒಂದು ಗಟ್ಟಿ ವಾದವಿದೆ, ಅದನ್ನು ಹೇಳಲೇಬೇಕು. ಟೊಳ್ಳು ಮೂತಿಯ ಗುಂಡು ಒಳಹೊಕ್ಕು ಅರಳಲು ವೇಗ ಬೇಕು, ಗಿಡ್ಡ ನಳಿಕೆ ಆ ವೇಗವನ್ನು ಕದಿಯುತ್ತದೆ. ಅರಳದಿದ್ದರೂ .44 ಗುಂಡು ಹುಟ್ಟಿನಿಂದಲೇ 11 ಮಿಲಿಮೀಟರ್ ಅಗಲ. ಅಡ್ಡಕೊಯ್ತದ ವಿಸ್ತೀರ್ಣ 9 ಎಂಎಂಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. 1907ರ .44 ಸ್ಪೆಷಲ್ ತೋಟಾದ ಒತ್ತಡವೂ ಕಡಿಮೆ, ಮ್ಯಾಗ್ನಂನ ಅರ್ಧಕ್ಕೂ ಒಳಗೆ. ಹಾಗಾಗಿ ಮೂತಿಯಲ್ಲಿ ಬೆಂಕಿ ಮತ್ತು ಅಬ್ಬರ ಸೌಮ್ಯ. ನನ್ನ ಕಣ್ಣಿಗೆ ಇಡೀ ಪಂಗಡದಲ್ಲಿ ವಿವೇಕವಿರುವುದು ಈ ಮುದಿ ತೋಟಾದಲ್ಲೇ.

ನಮ್ಮಲ್ಲಿ ಕಥೆ ಬೇರೆ. ಕೊಡಗಿನಲ್ಲಿ ಕೋವಿ ಹಿಡಿದು ಬೆಳೆದವರಿಗೆ ಒದೆತ ಗೊತ್ತು, ಆದರೆ ಅದು ಮೂರು ಕಿಲೋ ಬಂದೂಕಿನದು, ಭುಜ ಹೊರುವಂಥದ್ದು. ಪರವಾನಗಿಯ ರಿವಾಲ್ವರ್ ಎಂದರೆ ಇಲ್ಲಿ ಸಾಮಾನ್ಯವಾಗಿ .32. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ತಂದ 'ನಿರ್ಭೀಕ್' 500 ಗ್ರಾಂ ಮಾತ್ರ, ಬುಲ್‌ಡಾಗ್‌ಗಿಂತಲೂ ಹಗುರ. ಆದರೂ ಗುಂಡು ಆರು ಗ್ರಾಂ ಚಿಲ್ಲರೆಯದ್ದಾದ್ದರಿಂದ ಒದೆತ ಎರಡು ಜೂಲ್ ಆಸುಪಾಸು.

ಅಲಾಸ್ಕಾದ ಕರಡಿಗೆ ಹೆದರಿ 329ಪಿಡಿ ಕೊಂಡ ಅನೇಕರು ಅಭ್ಯಾಸಕ್ಕೆ ತುಂಬುವುದು .44 ಸ್ಪೆಷಲನ್ನೇ. ಮ್ಯಾಗ್ನಂ ಕವಚ ಅದಕ್ಕಿಂತ ಮೂರು ಮಿಲಿಮೀಟರ್ ಉದ್ದ, ಅಷ್ಟೇ. ಗಿಡ್ಡದ್ದು ಆರಾಮಾಗಿ ಕೂರುತ್ತದೆ, ಒದೆತ 36ರಿಂದ 10 ಜೂಲ್ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ತಾಪತ್ರಯ: ಕೋಣೆಯಲ್ಲಿ ಆ ಮೂರು ಮಿಲಿಮೀಟರ್ ಜಾಗಕ್ಕೆ ಮಸಿಯ ಉಂಗುರ ಕಟ್ಟುತ್ತದೆ. ಬ್ರಷ್ ಹಾಕಿ ಉಜ್ಜದಿದ್ದರೆ, ಕಾಡಿಗೆ ಹೊರಡುವ ದಿನ ಮ್ಯಾಗ್ನಂ ತೋಟಾ ಪೂರ್ತಿ ಒಳಗಿಳಿಯುವುದಿಲ್ಲ.