"ಬಿಸಿನೀರು ಹಾಕಿದ್ದೇವಲ್ಲ!"

ಭಾನುವಾರ ಮಧ್ಯಾಹ್ನ ಭರ್ಜರಿ ಊಟ, ಸೋಮವಾರ ಬೆಳಿಗ್ಗೆ ನನಗೆ ಫೋನ್. ಮುಂಬಯಿಯಲ್ಲಿ ಪ್ಲಂಬಿಂಗ್ ಕೆಲಸಕ್ಕಿಳಿದು ಇಪ್ಪತ್ತು ವರ್ಷ ದಾಟಿತು, ಇದು ಮಾತ್ರ ಬದಲಾಗಿಲ್ಲ. "ಸಿಂಕ್ ಕಟ್ಟಿದೆ, ಬೇಗ ಬನ್ನಿ ಮಾರಾಯ್ರೆ." ಹೋಗಿ ಕೇಳುತ್ತೇನೆ, ನಿನ್ನೆ ಮಟನ್ ಅಲ್ವಾ? ಹೌದು. ಮೇಲೆ ತೇಲಿದ ನೆಣ ಎಲ್ಲಿಗೆ ಸುರಿದಿರಿ? ಉತ್ತರ ಸಿದ್ಧವೇ ಇರುತ್ತದೆ: "ಹಿಂದೆಯೇ ಬಿಸಿನೀರು ಹಾಕಿದ್ದೇವಲ್ಲ!"

ಬಿಸಿನೀರಿನ ಮೇಲೆ ನಮ್ಮವರಿಗೆ ಅದೇನು ನಂಬಿಕೆಯೋ. ಮಟನ್ ನೆಣ ಕರಗುವುದು ಸುಮಾರು 45 ಡಿಗ್ರಿಯ ಆಸುಪಾಸಿನಲ್ಲಿ. ನಿಮ್ಮ ಸಿಂಕಿನಲ್ಲಿ ನೀರು ಕೊತಕೊತ ಕುದಿಯುತ್ತಿರಬಹುದು. ಪೈಪಿನಲ್ಲಿ ಇಳಿಯುತ್ತಾ ಇಳಿಯುತ್ತಾ ಆರುತ್ತದೆ. ಒಂದಷ್ಟು ನೆಣ ನಿಮ್ಮ ಬಾಗಿದ ಪೈಪಿನಲ್ಲೇ ಅಂಟುತ್ತದೆ, ಉಳಿದದ್ದನ್ನು ಕೆಳಗಿನ ಮನೆಯವರಿಗೆ ಸಾಗಿಸಿಕೊಟ್ಟಿರಿ, ಅಷ್ಟೇ. ಪಾತ್ರೆ ತೊಳೆಯುವ ಸೋಪಿನದೂ ಹೆಚ್ಚುಕಡಿಮೆ ಇದೇ ಕತೆ.

"ಮುಂಬಯಿಯಲ್ಲಿ ಚಳಿ ಎಲ್ಲುಂಟು, ಗಟ್ಟಿಯಾಗಲಿಕ್ಕೆ?" ಎನ್ನುವವರೂ ಇದ್ದಾರೆ. ಅದು ತೆಂಗಿನೆಣ್ಣೆಯ ಲೆಕ್ಕ. ಅದು 24 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಇಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ ಮಾತ್ರ ಬಾಟಲಿಯಲ್ಲಿ ಕಟ್ಟುತ್ತದೆ. ಮಟನ್ ನೆಣಕ್ಕೆ ಮೇ ತಿಂಗಳೂ ಚಳಿಗಾಲವೇ.

ಮಲಾಡಿನ ಒಂದು ಕಟ್ಟಡ. ಐದನೇ ಮಹಡಿಯಲ್ಲಿ ಮಂಗಳೂರಿನ ಕ್ರೈಸ್ತ ಹೆಂಗಸೊಬ್ಬರು, ಕ್ರಿಸ್ಮಸ್‌ಗೆ ಹಂದಿ ಬಾಫಾಟ್, ಅಂದರೆ ಹಂದಿಮಾಂಸದ ಮಸಾಲೆ ಸಾರು, ಮಾಡಿದ್ದರು. ಎಲ್ಲ ಅಡುಗೆಮನೆಗಳ ನೀರೂ ಇಳಿಯುವುದು ಒಂದೇ ಉದ್ದ ಪೈಪಿನಲ್ಲಿ. ಬುಡ ಕಟ್ಟಿದರೆ ನೀರು ಉಕ್ಕುವುದು ತೀರಾ ಕೆಳಗಿನ ಮನೆಯ ಸಿಂಕಿನಲ್ಲಿ. ಅಲ್ಲಿದ್ದವರು ಉಡುಪಿ ಕಡೆಯ ಹಿರಿಯರು, ಈರುಳ್ಳಿಯನ್ನೂ ಮನೆಯೊಳಗೆ ಬಿಡದವರು. ಪೈಪಿನಿಂದ ಎಳೆದ ಬಿಳಿ ಉಂಡೆ ನೋಡಿ "ಏನಿದು?" ಎಂದರು. ಸೋಪು ಎಂದೆ. ಪಾಪ, ನಂಬಿದರು.

ಕಾಸ್ಟಿಕ್ ಸೋಡಾ ಸುರಿಯಲಾ ಎಂದು ಕೇಳಬೇಡಿ. ಕೆಲವೊಮ್ಮೆ ಬಿಡುತ್ತದೆ, ಆದರೆ ಅದರ ಕಾವಿಗೆ ಪಿವಿಸಿ ಪೈಪಿನ ಜಾಯಿಂಟ್ ಹೋದದ್ದು ನೋಡಿದ್ದೇನೆ. ಕೈ, ಕಣ್ಣಿಗೂ ಅಪಾಯ.

ಮಾಡಬೇಕಾದದ್ದು ಸುಲಭ. ಉಳಿದ ರಸ ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆಗೆ ನೆಣ ಮುಚ್ಚಳದ ಹಾಗೆ ಮೇಲೆ ಕಟ್ಟಿರುತ್ತದೆ. ಚಮಚದಲ್ಲಿ ಎತ್ತಿ, ಕಾಗದದಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಿ. ಕೆಳಗಿನ ಜೆಲ್ಲಿಯಂಥ ರಸವನ್ನು ಮಾತ್ರ ಚೆಲ್ಲಬೇಡಿ, ಮರುದಿನ ಚೆನ್ನಾಗಿ ಕುದಿಸಿ ಸಾರಿಗೆ ಸೇರಿಸಿ. ಪಾತ್ರೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಲ್ಲಿ ಒರೆಸಿ.

ಐದನೇ ಮಹಡಿಯ ಆ ಹೆಂಗಸು ಈಗ ನೆಣಕ್ಕೆಂದೇ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾರೆ. ಮೊನ್ನೆ ಬೇರೆ ಕೆಲಸಕ್ಕೆ ಹೋದಾಗ ಕೇಳುವ ಮೊದಲೇ ತೆರೆದು ತೋರಿಸಿದರು.