ಇಂಪ್ಲಾಂಟ್‌ಗೂ ಮುಂಚಿನ ಮೂಳೆ ಕಸಿ: ತೊಡಕು ಹುಟ್ಟುವುದೆಲ್ಲಿ?

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆ ಕರಗತೊಡಗುತ್ತದೆ. ಒಂದು ವರ್ಷದಲ್ಲಿ ಅದರ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲಿನ ಬೇರು) ಇಡಲು ಜಾಗ ಸಾಲದಿದ್ದರೆ ಅಲ್ಲಿ ಮೂಳೆಪುಡಿ ಇಲ್ಲವೇ ಮೂಳೆ ತುಂಡು ಸೇರಿಸುವ ಕಸಿ ಬೇಕು. ಇದರ ಅಪಾಯಗಳೇನು ಎಂದರೆ ಸೋಂಕು, ಊತ, ರಕ್ತಸ್ರಾವ ಎಂದು ಒಂದೇ ಉಸಿರಿಗೆ ಬರೆದುಬಿಡುತ್ತೇವೆ. ಮೊದಲು ಬರೆಯಬೇಕಾದದ್ದು ಬೇರೆ: ಹೊಲಿದ ಒಸಡು ಬಿಚ್ಚಿಕೊಳ್ಳುವುದು.

ಮೂಳೆಪುಡಿ ತುಂಬಿದಾಗ ಜಾಗ ಉಬ್ಬುತ್ತದೆ, ಮುಚ್ಚಬೇಕಾದ ಒಸಡು ಮಾತ್ರ ಇದ್ದಷ್ಟೇ ಇರುತ್ತದೆ. ಎಳೆದು ಹೊಲಿದರೆ ಅಂಚಿಗೆ ರಕ್ತ ಸಾಲದೆ ಗಾಯ ಬಾಯಿಬಿಡುತ್ತದೆ, ಬಾಯಿಯ ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಇನ್ನೂ ಹೆಚ್ಚು. ಅದಕ್ಕೇ ಫ್ಲಾಪ್‌ನ (ಬಿಡಿಸಿ ಎತ್ತಿದ ಒಸಡಿನ ಪದರ) ಒಳಮೈಯಲ್ಲಿ ಪೆರಿಯಾಸ್ಟಿಯಮ್‌ಗೆ (ಮೂಳೆಯ ಹೊರಪೊರೆ) ಒಂದು ಗೀರು ಕೊಟ್ಟು ಸಡಿಲಿಸುತ್ತಾರೆ. ಎರಡೂ ಅಂಚು ಎಳೆತವಿಲ್ಲದೆ ಕೂಡಿದ ಮೇಲೆಯೇ ಸೂಜಿ ಹಿಡಿಯಬೇಕು. ಕೆಳದವಡೆಯ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಬಳಿ ಈ ಗೀರು ಆಳವಾದರೆ ಮೆಂಟಲ್ ನರಕ್ಕೆ ಪೆಟ್ಟಾಗಿ ಕೆಳತುಟಿ, ಗದ್ದ ಜೋಮು ಹಿಡಿಯುತ್ತವೆ.

ಮೇಲ್ದವಡೆಯ ಹಿಂಭಾಗದ ಕಥೆಯೇ ಬೇರೆ. ಅಲ್ಲಿ ಪುಡಿ ತುಂಬಲು ಸೈನಸ್‌ನ (ಹಲ್ಲುಗಳ ಮೇಲಿರುವ ಗಾಳಿಗೂಡು) ಪೊರೆಯನ್ನು ಹರಿಯದಂತೆ ಮೇಲೆತ್ತಬೇಕು. ಆರೋಗ್ಯವಂತರಲ್ಲಿ ಅದರ ದಪ್ಪ ಸುಮಾರು 1 ಮಿ.ಮೀ., ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಹಸಿ ಮೊಟ್ಟೆಯ ಚಿಪ್ಪನ್ನು ಡೈಮಂಡ್ ಬರ್‌ನಿಂದ (ವಜ್ರದ ಹರಳು ಲೇಪಿಸಿದ ಕೊರೆಮೊನೆ) ಸವೆಸಿ, ಒಳಪೊರೆ ತೂತಾಗದಂತೆ ಬಿಡಿಸಿ ಅಭ್ಯಾಸ ಮಾಡುವುದುಂಟು. ಅವಕಾಶ ಸಿಕ್ಕರೆ ಖಂಡಿತ ಮಾಡಿ ನೋಡಿ, ಎಷ್ಟು ಹಗುರ ಕೈ ಬೇಕೆಂದು ಬೆರಳಿಗೇ ತಿಳಿಯುತ್ತದೆ. ಸೈನಸ್ ಒಳಗೆ ಅಡ್ಡಗೋಡೆಗಳಿದ್ದರೆ ಪೊರೆ ಹರಿಯುವ ಸಂಭವ ಹೆಚ್ಚು, ಸಿಬಿಸಿಟಿ (ದವಡೆಯ 3ಡಿ ಎಕ್ಸ್‌-ರೇ ಸ್ಕ್ಯಾನ್) ನೋಡದೆ ಕೈಹಾಕಬಾರದು. ತೂತು 5 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನ ಪೊರೆ ಹೊದಿಸಿ ಮುಂದುವರಿಯುತ್ತಾರೆ. ದೊಡ್ಡದಾಗಿ ಹರಿದರೆ ಅಲ್ಲಿಗೇ ನಿಲ್ಲಿಸಿ, ವಾಸಿಯಾದ ಮೇಲೆ ಮತ್ತೆ ಪ್ರಯತ್ನಿಸುವುದೇ ಕ್ಷೇಮ; ಇಲ್ಲದಿದ್ದರೆ ಪುಡಿ ಸೈನಸ್‌ಗೆ ಜಾರಿ ಸೋಂಕು ಹತ್ತುತ್ತದೆ. ರೋಗಿ ಕೆಲವು ವಾರ ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಕಸಿಗೆ ರೋಗಿಯ ಸ್ವಂತ ಮೂಳೆಯನ್ನೇ ಬೇರೆ ಕಡೆಯಿಂದ ತೆಗೆದರೆ ಗಾಯ ಎರಡು. ಗದ್ದದಿಂದ ತೆಗೆದಾಗ ಕೆಳಗಿನ ಮುಂಭಾಗದ ಹಲ್ಲುಗಳಲ್ಲಿ ಸ್ಪರ್ಶಜ್ಞಾನ ಮಂಕಾಗಬಹುದು.

ಕಸಿಗೂ ಮುಂಚೆ ರೋಗಿಯ ಔಷಧದ ವಿಚಾರಣೆಯಲ್ಲಿ "ಏನಾದರೂ ಮಾತ್ರೆ ತಗೋತೀರಾ?" ಎಂದಷ್ಟೇ ಕೇಳಬೇಡಿ. ಮೂಳೆ ಸವೆತಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲ ವರ್ಷಕ್ಕೊಮ್ಮೆಯ ಡ್ರಿಪ್, ಡೆನೊಸುಮಾಬ್ ಆರು ತಿಂಗಳಿಗೊಂದು ಇಂಜೆಕ್ಷನ್. ಮಾತ್ರೆ ಅಲ್ಲವಾದ್ದರಿಂದ ಹಿರಿಯರು ಇಲ್ಲ ಎಂದೇ ಹೇಳುತ್ತಾರೆ. ಇವುಗಳಿಂದ ದವಡೆ ಮೂಳೆ ಕೊಳೆಯುವ ಅಪಾಯವಿದೆ. "ಅಮ್ಮಾ, ಮೂಳೆ ಸವೆತಕ್ಕೆ ಯಾವಾಗಲಾದರೂ ಡ್ರಿಪ್ಪೋ ಇಂಜೆಕ್ಷನ್ನೋ ಹಾಕಿಸ್ಕೊಂಡಿದ್ರಾ?" ಎಂದು ಬಿಡಿಸಿ ಕೇಳಿ, ಉತ್ತರವನ್ನು ಕೇಸ್ ಶೀಟ್‌ನಲ್ಲಿ ಬರೆದಿಡಿ.